ಉತ್ತರಕುಮಾರನ ಉತ್ತರ

ವಿಜಯದಶಮಿಯ ಸಂಜೆ ಬನ್ನಿಯ ಎಲೆಗಳನ್ನು ಕೈಯಿಂದ ಕೈಗಿತ್ತು ಬಂಗಾರದಂತಿರೋಣವೆಂದು ಹಾರೈಸುವ ರೂಢಿ ಕನ್ನಡನಾಡಿನಲ್ಲಿರುವಂತೆ ತೆಲಂಗಾಣದಲ್ಲಿಯೂ ಉಂಟು. ಇಲ್ಲಿಯ ಜನ ಆ ಮರವನ್ನು ಜಮ್ಮಿ ಎನ್ನುತ್ತಾರೆ. ಎಲೆಯನ್ನು ಮಾತ್ರ ಇವರೂ ಬಂಗಾರವೆಂದೇ ಕರೆಯುತ್ತಾರೆ. ಬನ್ನಿಯನ್ನು ಕಂಡೊಡನೆ ನೆನಪಾಗುವವನು ಅರ್ಜುನ. ಅವನ ಆಯುಧಗಳನ್ನು ಇಳಿಸಿಕೊಡಲು ಆ ಮರವನ್ನೇರಿದವನು ವಿರಾಟನ ಮಗ ಉತ್ತರಕುಮಾರನೆಂಬುದು ಅಷ್ಟಾಗಿ ಯಾರಿಗೂ ನೆನಪಾಗುವುದಿಲ್ಲ.

ಉತ್ತರನ ಹೆಸರನ್ನು ಲೋಕದಲ್ಲಿ ಉಳಿಸಿರುವುದು ಒಂದು ಗಾದೆ. ಅವನ ಪೌರುಷವೆಲ್ಲ ಒಲೆಯ ಮುಂದೆ! ಅಂತಃಪುರದ ಹೆಂಗಳೆಯರ ನಡುವೆ ನಿಂತು, ಸಾರಥಿಯೊಬ್ಬ ದೊರೆತರೆ ಸಾಕು, ಕೌರವರನ್ನು ಸದೆಬಡಿಯುವೆನೆಂದು ಕೊಚ್ಚಿಕೊಂಡವನು ಸೇನೆಯನ್ನು ಕಂಡೊಡನೆ ರಥದಿಂದ ಧುಮುಕಿ ಓಡಿದನು. ಕುಮಾರವ್ಯಾಸನ ವಿರಾಟಪರ್ವವನ್ನು ಗಮಕಿಗಳು ವಾಚಿಸುವಾಗ ಈ ಪ್ರಸಂಗಕ್ಕೆ ನಗದವರಿಲ್ಲ. ಆದರೆ ವ್ಯಾಸಭಾರತದಲ್ಲಿ ಉತ್ತರನ ಕಥೆ ಈ ನಗೆಯೊಡನೆ ಮುಗಿಯುವುದಿಲ್ಲ. ಯುದ್ಧವನ್ನು ಗೆದ್ದ ಅರ್ಜುನನು, ಪಾಂಡವರ ಗುಟ್ಟು ಇನ್ನೂ ಬಯಲಾಗಬಾರದೆಂದು, ಈ ಜಯ ನಿನ್ನದೆಂದೇ ತಂದೆಯ ಮುಂದೆ ಹೇಳಿಕೊ ಎಂದು ಅವನಿಗೆ ಸೂಚಿಸುತ್ತಾನೆ. ಅಂಥ ಕಾರ್ಯ ತನ್ನ ಶಕ್ತಿಗೆ ಮೀರಿದ್ದು, ಆದರೂ ನಿನ್ನ ಹೆಸರನ್ನು ನೀನು ಹೇಳೆಂದ ಹೊರತು ಹೇಳೆನೆಂದು ಉತ್ತರನು ಮಾತು ಕೊಡುತ್ತಾನೆ.

ಅನಂತರ ತುಂಬಿದ ಸಭೆಯಲ್ಲಿ ವಿರಾಟನ ಪ್ರಶ್ನೆಗಳು. ಭೀಷ್ಮನನ್ನು ಹೇಗೆ ಎದುರಿಸಿದೆ? ದ್ರೋಣನನ್ನು ಹೇಗೆ? ಕರ್ಣನನ್ನು ಹೇಗೆ? ಇಂದಿನ ಮಾತಿನಲ್ಲಿ ಹೇಳುವುದಾದರೆ ಇದೊಂದು ಸಂದರ್ಶನವೇ ಸರಿ. ಕೇಳುವವನು ಏನನ್ನು ಹೇಳಿದರೂ ನಂಬಲು ಸಿದ್ಧನಾಗಿದ್ದಾನೆ. ಕೊಚ್ಚಿಕೊಳ್ಳಲು ಅನುಮತಿಯೂ ದೊರೆತಿದೆ. ಆದರೂ ಉತ್ತರನು, ಗೋವುಗಳನ್ನು ಗೆದ್ದವನು ತಾನಲ್ಲ, ಹೆದರಿ ಓಡುತ್ತಿದ್ದ ತನ್ನನ್ನು ತಡೆದು ನಿಲ್ಲಿಸಿ ಕಾದಿದವನು ಒಬ್ಬ ದೇವಪುತ್ರನೆಂದು ಉತ್ತರಿಸುತ್ತಾನೆ. ಇಂದ್ರನ ಮಗನನ್ನು ದೇವಪುತ್ರನೆಂದದ್ದರಲ್ಲಿ ಸುಳ್ಳಿಲ್ಲ, ಗುಟ್ಟೂ ರಟ್ಟಾಗಲಿಲ್ಲ. ಒಂದೇ ದಿನದ ಹಿಂದೆ ಬಾಯಿಗೆ ಕಡಿವಾಣವಿಲ್ಲದಿದ್ದ ಹುಡುಗ ಇವನೇ ಎಂಬುದು ಸೋಜಿಗ. ಉದ್ಯೋಗಕ್ಕಾಗಿ ಸಂದರ್ಶನಕ್ಕೆ ಹೊರಡುವ ತರುಣರಿಗೆ ‘ಗೊತ್ತಿಲ್ಲವೆಂದು ಮಾತ್ರ ಹೇಳಬೇಡ, ಧೈರ್ಯವಾಗಿ ಏನಾದರೂ ಹೇಳು’ ಎಂದು ಕಲಿಸಿ ಕಳುಹುವ ಹಿರಿಯರು ಗಾದೆಯನ್ನು ಬಿಟ್ಟು ಈ ಭಾಗವನ್ನು ಓದಬೇಕು.

ಹಳ್ಳಿಗಳಲ್ಲಿ ಮಳೆ ಬಾರದಿದ್ದಾಗ ಓದಿಸುವುದೂ ಇದೇ ವಿರಾಟಪರ್ವವನ್ನೇ. ಹೈದರಾಬಾದಿಗೆ ಮಾತ್ರ 1908ರ ನವರಾತ್ರಿಯಲ್ಲಿ ಬೇಡದ ಮಳೆ ಬಂದಿತು. ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಸಾವಿರಾರು ಜನರನ್ನು ಕೊಂಡೊಯ್ದಿತು. ನಿಜಾಮ ಮಹಬೂಬ್ ಅಲಿ ಖಾನರು ಪಂಡಿತರ ಮಾತಿನಂತೆ ನದಿಗೆ ಪೂಜೆ ಸಲ್ಲಿಸಿದರೆಂದು ನಗರದ ಹಿರಿಯರು ಇಂದಿಗೂ ಹೇಳುತ್ತಾರೆ. ಮರುವರ್ಷ ಅವರ ಸರ್ಕಾರವು ಸಲಹೆಗಾಗಿ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು ಕರೆಸಿತು.

ಮನೆಮಾರುಗಳನ್ನು ಕಳೆದುಕೊಂಡ ಊರು ಬೇಗ ಉತ್ತರ ಬೇಡುವುದು ಸಹಜ. 1909ರ ಏಪ್ರಿಲ್‌ನಲ್ಲಿ ಬಂದ ವಿಶ್ವೇಶ್ವರಯ್ಯನವರು ಮೊದಲು ಮಾಡಿದ್ದು ಎಣಿಕೆ ಮತ್ತು ಅಳತೆ. ಮೂಸಿಯ ಜಲಾನಯನದಲ್ಲಿದ್ದ 788 ಕೆರೆಗಳಲ್ಲಿ ಒಡೆದವು 221. ಶಂಶಾಬಾದಿನಲ್ಲಿ 24 ಗಂಟೆಗಳಲ್ಲಿ ಸುರಿದ ಮಳೆ 12.8 ಅಂಗುಲ. ವರದಿ ಕೈಸೇರಿದ್ದು ಅಕ್ಟೋಬರ್‌ನಲ್ಲಿ. ಅಲ್ಲಿ ಮಾತು ತೊದಲಲಿಲ್ಲ: ನಗರದ ಮೇಲ್ಭಾಗದಲ್ಲಿ ಮೂಸಿ, ಈಸಿ ಎರಡು ನದಿಗಳಿಗೂ ಜಲಾಶಯಗಳಾಗಬೇಕು. ಆ ಸಲಹೆಯಂತೆ 1920ರಲ್ಲಿ ಉಸ್ಮಾನ್‌ಸಾಗರವೂ 1927ರಲ್ಲಿ ಹಿಮಾಯತ್‌ಸಾಗರವೂ ಪೂರ್ಣಗೊಂಡವು. ಗಂಡಿಪೇಟೆಯ ನೀರನ್ನು ಕುಡಿದು ಬೆಳೆದ ಕನ್ನಡ ಕುಟುಂಬಗಳು ಈ ನಗರದಲ್ಲಿ ಎಷ್ಟೋ!

ಎಚ್ಚರಿಕೆ ಎಂಬುದು ಒಂದೇ ಬಗೆಯದಲ್ಲ. ಆರು ತಿಂಗಳು ಮಾತನ್ನು ತಡೆಹಿಡಿದದ್ದು ಸಲಹೆ ಕೇಳಿದವರಿಗಾಗಿ ವಹಿಸಿದ ಎಚ್ಚರ. ಅಳತೆ ಕೈಗೆ ಬಂದ ಮೇಲೆಯೂ ‘ಹಾಗೂ ಆಗಬಹುದು, ಹೀಗೂ ಆಗಬಹುದು’ ಎಂದು ನುಣುಚಿಕೊಂಡಿದ್ದರೆ ಅದು ತನ್ನ ಹೆಸರನ್ನು ಕಾಪಾಡಿಕೊಳ್ಳುವ ಎಚ್ಚರವಾಗುತ್ತಿತ್ತು. ಎರಡನ್ನೂ ಜನ ವಿವೇಕವೆಂದೇ ಕರೆಯುವುದರಿಂದ ಎರಡನೆಯದು ಬಹುಕಾಲ ಮರ್ಯಾದೆಯಿಂದ ಬಾಳುತ್ತದೆ.

ನಿವೃತ್ತಿಯ ಹಣವನ್ನು ಕೈಯಲ್ಲಿ ಹಿಡಿದು ಬ್ಯಾಂಕಿನ ಕೌಂಟರಿನ ಮುಂದೆ ನಿಂತವರು ಕೇಳುವುದು ಒಂದೇ ಪ್ರಶ್ನೆ: ‘ಇದು ಭದ್ರವೇ?’ 2001ರ ಸುಮಾರಿಗೆ ಹೈದರಾಬಾದಿನ ಕೆಲವು ನಗರ ಸಹಕಾರಿ ಬ್ಯಾಂಕುಗಳು ಮುಳುಗಿದಾಗ ಠೇವಣಿಯ ವಿಮೆ 1 ಲಕ್ಷ ರೂಪಾಯಿಗಷ್ಟೇ ಇತ್ತು. ಅದು 5 ಲಕ್ಷವಾದದ್ದು 2020ರಲ್ಲಿ. ಒಂದು ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರನಿಗೆ, ಬಡ್ಡಿಯೂ ಸೇರಿ, ಇಷ್ಟು ಎಂಬುದು ಅಳೆದು ಹೇಳಬಹುದಾದ ಮಾತು. ಅದನ್ನು ಕೇಳದಿದ್ದರೂ ಹೇಳಬೇಕು, ಅಳುಕದೆ ಹೇಳಬೇಕು. ಮುಂದಿನ ವರ್ಷ ಷೇರುಗಳು ಏರುವವೇ ಎಂಬುದು ಅಂಥ ಮಾತಲ್ಲ. ಅಲ್ಲಿ ಗಟ್ಟಿಯಾಗಿ ಹೌದೆಂದವನು ಸಂಜೆ ಮನೆಗೆ ಹೋಗಿ ಊಟ ಮಾಡಿ ಮಲಗುತ್ತಾನೆ. ಹಣ ಹೋಗುವುದು ಕೇಳಿದವನದು. ಹಾಗೆಂದು ‘ನಿಮ್ಮಿಷ್ಟ’ ಎಂದು ಮುಖ ತಿರುಗಿಸಿದರೂ ಧರ್ಮವಾಗದು.

ಹಾಗಾದರೆ ಗೀತಾಚಾರ್ಯನೂ ಕೊನೆಗೆ ಹೇಳಿದ್ದು ಅದನ್ನೇ ಅಲ್ಲವೇ ಎಂದು ಯಾರಾದರೂ ಕೇಳಿಯಾರು. ಹದಿನೆಂಟನೆಯ ಅಧ್ಯಾಯದಲ್ಲಿ, ಎಲ್ಲವನ್ನೂ ವಿಮರ್ಶಿಸಿ ಇಷ್ಟಬಂದಂತೆ ಮಾಡೆಂದು ಶ್ರೀಕೃಷ್ಣನು ಅರ್ಜುನನಿಗೇ ನಿರ್ಧಾರವನ್ನು ಬಿಟ್ಟುಕೊಡುತ್ತಾನೆ, ನಿಜ. ಆದರೆ ಬಿಟ್ಟುಕೊಟ್ಟದ್ದು ತಿಳಿಸಬೇಕಾದುದನ್ನೆಲ್ಲ ತಿಳಿಸಿದ ಮೇಲೆ; ಮೊದಲನೆಯ ಅಧ್ಯಾಯದಲ್ಲಲ್ಲ. ಅದಕ್ಕಿಂತ ಅಚ್ಚರಿಯದು ಅಶ್ವಮೇಧಿಕಪರ್ವದಲ್ಲಿದೆ. ಯುದ್ಧ ಮುಗಿದು ಕೃಷ್ಣನು ದ್ವಾರಕೆಗೆ ಹೊರಡಲಿರುವಾಗ, ಅಂದು ಹೇಳಿದ್ದೆಲ್ಲ ಮರೆತುಹೋಯಿತು, ಇನ್ನೊಮ್ಮೆ ಹೇಳೆಂದು ಅರ್ಜುನನು ಬೇಡುತ್ತಾನೆ. ಕೃಷ್ಣನು ಅವನನ್ನು ಆಕ್ಷೇಪಿಸುತ್ತಾನೆ. ಆದರೆ ತನಗೂ ಅದನ್ನು ಪೂರ್ಣವಾಗಿ ಮತ್ತೆ ಹೇಳಲಾಗದು, ಅದು ಯೋಗಯುಕ್ತನಾಗಿ ನುಡಿದ ಮಾತು ಎಂದು ಒಪ್ಪಿಕೊಳ್ಳುತ್ತಾನೆ. ಭಗವಂತನ ಬಾಯಿಂದ ‘ಆಗದು’ ಎಂಬ ಮಾತು! ಏನು ಹೇಳಿದರೂ ಅರ್ಜುನನು ಅದನ್ನೇ ಗೀತೆಯೆಂದು ಕೈಮುಗಿದು ಕೇಳುತ್ತಿದ್ದನು. ಕೃಷ್ಣನು ಹಾಗೆ ಮಾಡದೆ, ಅದೇ ವಿಷಯವಾಗಿ ತಾನು ಬಲ್ಲ ಹಳೆಯ ಇತಿಹಾಸವೊಂದನ್ನು ಹೇಳತೊಡಗಿದನು.