ಲಿಂಗಸಂಸ್ಕಾರದ ಮರ್ಮ

ಶಿಲ್ಪಿಯು ಪಂಚಸೂತ್ರದ ಅಳತೆಯಲ್ಲಿ ಕಡೆದು, ಕಪ್ಪು ಕವಚವನ್ನು ಹೊದಿಸಿದ ಶಿಲೆಯು ಅಷ್ಟರಿಂದಲೇ ಇಷ್ಟಲಿಂಗವಾಗುವುದಿಲ್ಲ. ಶ್ರೀಗುರುವು ಅದನ್ನು ಸಂಸ್ಕರಿಸಿ ಶಿಷ್ಯನ ಕರಸ್ಥಲಕ್ಕೆ ಅನುಗ್ರಹಿಸಿದ ಮೇಲೆಯೇ ಅದು ಪೂಜಾರ್ಹವಾಗುವುದು. ಇಲ್ಲಿ ವಿಚಾರವಂತರಲ್ಲಿ ಒಂದು ಶಂಕೆಯೇಳುವುದು ಸಹಜ. ಪರಶಿವನು ಸರ್ವವ್ಯಾಪಿಯಾದರೆ ಆ ಶಿಲೆಯಲ್ಲಿಯೂ ಮೊದಲೇ ಇದ್ದನಷ್ಟೆ? ಇಲ್ಲದ ಯಾವುದನ್ನು ಗುರುವು ಅದರಲ್ಲಿ ತಂದಿರಿಸಿದನು?

ಈ ಶಂಕೆಗೆ ದೀಕ್ಷಾಕ್ರಮದಲ್ಲಿಯೇ ಉತ್ತರವುಂಟು. ವೇಧಾದೀಕ್ಷೆಯಲ್ಲಿ ಗುರುವಿನ ಹಸ್ತವು ಶಿಷ್ಯನ ಮಸ್ತಕದ ಮೇಲಿರುವುದು. ಮಂತ್ರದೀಕ್ಷೆಯಲ್ಲಿ ಮಂತ್ರವು ಕಿವಿಯನ್ನು ಸೇರುವುದು. ಕ್ರಿಯಾದೀಕ್ಷೆಯಲ್ಲಿ ಲಿಂಗವು ಕರಸ್ಥಲಕ್ಕೆ ಬರುವುದು. ಕಾರಣ, ಸೂಕ್ಷ್ಮ, ಸ್ಥೂಲವೆಂಬ ಮೂರು ತನುಗಳಿಗೆ ಭಾವಲಿಂಗ, ಪ್ರಾಣಲಿಂಗ, ಇಷ್ಟಲಿಂಗಗಳ ಸಂಬಂಧವು ಹೀಗೆ ಏರ್ಪಡುವುದು. ಶಿಷ್ಯನ ಅಂತರಂಗದಲ್ಲಿ ಹುದುಗಿರುವ ಚೈತನ್ಯವನ್ನೇ ಗುರುವು ಅವನ ಕಣ್ಣಿಗೆ ಕಾಣುವಂತೆ ಅಂಗೈಗೆ ತಂದುಕೊಡುವನು. ಆದಕಾರಣ ಲಿಂಗಕ್ಕಾಗುವ ಸಂಸ್ಕಾರವು ಅದನ್ನು ಧರಿಸುವವನಿಗೂ ಆಗುವ ಸಂಸ್ಕಾರವಾಗಿದೆ.

ಸ್ಥಾವರಲಿಂಗದ ಪ್ರತಿಷ್ಠೆಯು ಒಮ್ಮೆ ಆದ ಬಳಿಕ ಪೂಜೆಯನ್ನು ಅರ್ಚಕನು ನಡೆಸುವನು, ಭಕ್ತನು ಬಂದು ಕೈಮುಗಿದು ಹೋಗುವನು. ಇಷ್ಟಲಿಂಗಕ್ಕಾದರೋ ಅರ್ಚಕನಿಲ್ಲ. ಒಬ್ಬನ ಲಿಂಗವನ್ನು ಅವನೇ ಅರ್ಚಿಸತಕ್ಕದ್ದು. 12ನೆಯ ಶತಮಾನದ ಕಲ್ಯಾಣದಲ್ಲಿ ಪಾದರಕ್ಷೆಗಳನ್ನು ಹೊಲಿಯುತ್ತಿದ್ದ ಹರಳಯ್ಯನ ಕರಸ್ಥಲದಲ್ಲಿಯೂ ಬ್ರಾಹ್ಮಣಕುಲದ ಮಧುವರಸನ ಕರಸ್ಥಲದಲ್ಲಿಯೂ ನೆಲೆಗೊಂಡ ಲಿಂಗವು ಒಂದೇ ಎಂದು ಶರಣರು ಸಾರಿದರು. ಆ ಎರಡು ಮನೆಗಳು ಮಕ್ಕಳ ವಿವಾಹದಿಂದ ಬೆಸೆದುಕೊಂಡವೆಂದು ಪರಂಪರೆಯು ಹೇಳುತ್ತದೆ. ಸಂಸ್ಕಾರವು ಶಿಲೆಯಲ್ಲಿಯೇ ನಿಂತಿದ್ದರೆ ಕುಲದ ಗೋಡೆಯು ಅಲುಗುತ್ತಿರಲಿಲ್ಲ.

ಒಕ್ಕಲಿಗನು ಹೊಸ ನೇಗಿಲನ್ನು ಪೂಜಿಸಿ ಹೊಲಕ್ಕೆ ಒಯ್ಯುವನು. ಪೂಜಿಸಿದ ನೇಗಿಲನ್ನು ಅಟ್ಟಕ್ಕೇರಿಸಿದರೆ ಗೆದ್ದಲು ತಿನ್ನುವುದೇ ಹೊರತು ಹೊಲವು ಹಸನಾಗದು. ದೀಕ್ಷೆಯ ದಿನ ನೆಂಟರಿಷ್ಟರನ್ನು ಕರೆದು ದಾಸೋಹ ನಡೆಸಿ, ಮರುವಾರವೇ ಲಿಂಗವನ್ನು ಬೆಳ್ಳಿಯ ಕರಡಿಗೆಯೊಡನೆ ಪೆಟ್ಟಿಗೆಗೆ ಸೇರಿಸುವ ಗೃಹಸ್ಥನ ಸ್ಥಿತಿಯೂ ಇದೇ. ಗುರುವಿನ ಅನುಗ್ರಹವಿಲ್ಲದೆ ಲಿಂಗವನ್ನು ಕೊಂಡು ತಂದು ಒಡವೆಯಂತೆ ಕಟ್ಟಿಕೊಳ್ಳುವವನು ಬೀಜವಿಲ್ಲದೆ ಬಿತ್ತುವವನು. ಅನುಗ್ರಹವನ್ನು ಪಡೆದೂ ಪೂಜೆಯನ್ನು ತೊರೆದವನು ಬಿತ್ತದೆ ಬೀಜವನ್ನು ಕಾಯುವವನು. ಇಬ್ಬರಿಗೂ ಬೆಳೆಯಿಲ್ಲ.

ವರುಷಗಟ್ಟಲೆ ಪೂಜೆಯನ್ನು ಬಿಟ್ಟವನೊಬ್ಬನು, ತನ್ನ ಲಿಂಗದ ಕಳೆಯು ಕುಂದಿತೇನೋ ಎಂದು ಅಳುಕಿ, ಆ ಅಳುಕಿನಿಂದಲೇ ಇನ್ನಷ್ಟು ದೂರ ಸರಿಯುವುದುಂಟು. ಕುಂದಿದುದು ಲಿಂಗದ ಕಳೆಯಲ್ಲ, ಅವನ ಲಕ್ಷ್ಯ. ಸಂದೇಹವು ತೀರದಿದ್ದರೆ ಅವನು ಗುರುಸನ್ನಿಧಿಗೆ ಹೋಗಿ ಕೇಳಲಿ. ಅದರಲ್ಲಿ ನಾಚಿಕೆಯೇನೂ ಇಲ್ಲ. ಆದರೆ ಅಲ್ಲಿಯವರೆಗೆ ಕಾಯುವ ಅಗತ್ಯವೂ ಇಲ್ಲ. ನಾಳೆಯ ಮುಂಜಾನೆ ಮಿಂದು, ವಿಭೂತಿಯನ್ನು ಧರಿಸಿ, ಲಿಂಗವನ್ನು ಎಡದ ಅಂಗೈಯಲ್ಲಿರಿಸಿ ದೃಷ್ಟಿಯನ್ನು ಅದರಲ್ಲಿ ನಿಲ್ಲಿಸಲಿ. ಗುರುವು ಒಂದು ದಿನ ಮಾಡಿದ ಸಂಸ್ಕಾರವನ್ನು ಶಿಷ್ಯನು ದಿನದಿನವೂ ಪೂರ್ಣಗೊಳಿಸತಕ್ಕದ್ದು.