ಲೋದೆಬಾರಿನಿಂದ ಅರಸನ ಮೇಜಿಗೆ

ಇವತ್ತಿನ ವಾಕ್ಯಭಾಗ 2 ಸಮುವೇಲ 9ನೇ ಅಧ್ಯಾಯ.

ಮೊದಲು ನನ್ನದೊಂದು ತಪ್ಪು ಒಪ್ಪಿಕೊಳ್ತೀನಿ. ಹಿಂದೆ ಒಬ್ಬ ತಾಯಿ, ನಡೆಯಲಾಗದ ಮಗನನ್ನ ಸೊಂಟದ ಮೇಲೆ ಹೊತ್ತುಕೊಂಡು ಬಂದ್ರು. "ಅಯ್ನೋರ, ಇವನ್ನ ಸಾಲಿಗೆ ಹಾಕ್ಲೇನ್ರಿ?" ಅಂತ ಕೇಳಿದ್ರು. ನಾನು, "ಮದ್ಲ ಪ್ರಾರ್ಥನೆ ಮಾಡೂಣವ್ವ, ದೇವರು ಕಾಲು ಕೊಡ್ತಾನ, ಆಮ್ಯಾಲ ಸಾಲಿ" ಅಂದೆ. ಅದು ವಿಶ್ವಾಸದ ಮಾತು ಅಂದ್ಕೊಂಡಿದ್ದೆ. ಆ ಹುಡುಗನಿಗೆ ಎರಡು ವರ್ಷ ಹೋಯ್ತು. ಓರಗೆಯ ಮಕ್ಕಳು ಓದೋದು ಕಲಿತರು. ಇವನು ಬಾಗಿಲಲ್ಲಿ ಕೂತು ಅವರು ಹೋಗೋದನ್ನ ನೋಡ್ತಿದ್ದ.

ದಾವೀದನು ಏನು ಮಾಡಿದನು ನೋಡಿರಿ. ಮೆಫೀಬೋಶೆತನು ಎರಡು ಕಾಲೂ ಕುಂಟಾಗಿ ಲೋದೆಬಾರಿನಲ್ಲಿದ್ದನು. ಅರಸನು ಅಲ್ಲಿಗೇ ಊಟ ಕಳುಹಿಸಬಹುದಿತ್ತು. ಹಾಗೆ ಮಾಡದೆ ಅವನನ್ನೇ ಕರೆಸಿಕೊಂಡು, ರಾಜಕುಮಾರರ ಸಾಲಿನಲ್ಲೇ ಕೂಡಿಸಿದನು. ಆ ಅಧ್ಯಾಯ ಮುಗಿಯುವಾಗಲೂ ಅವನ ಕಾಲು ವಾಸಿಯಾಗಿಲ್ಲ, ಗಮನಿಸಿರಿ. ಮೇಜಿಗೆ ಬರಲು ಸ್ವಸ್ಥತೆಯ ಷರತ್ತು ದಾವೀದನು ಹಾಕಲಿಲ್ಲ. ನಾನು ಹಾಕಿದ್ದೆ.

ಕೆಲವರು ಕೇಳ್ತಾರ: "ಉಳಿದ ಮಕ್ಕಳ ಪಾಠ ಹಿಂದ ಬೀಳೂದಿಲ್ಲೇನ್ರಿ? ಇಂಥವರಿಗೆ ಬ್ಯಾರೆ ಸಾಲಿ ಅದಾವಲ್ಲ?" ತಳ್ಳಿಹಾಕುವ ಪ್ರಶ್ನೆಯಲ್ಲ. ಕಿವಿ ಕೇಳದ ಮಗುವಿಗೆ ಸನ್ನೆ ಭಾಷೆ ಬೇಕು, ಕಣ್ಣು ಕಾಣದ ಮಗುವಿಗೆ ಬ್ರೈಲ್ ಬೇಕು. ಅದು ವಿಶೇಷ ಶಾಲೆಯಲ್ಲೇ ಚೆನ್ನಾಗಿ ಸಿಗೋದಾದರೆ ಅಲ್ಲಿಗೆ ಕಳಿಸೋದು ತಪ್ಪಲ್ಲ. ಆದರೆ ಅದನ್ನ ಮಗುವಿನ ಒಳಿತಿಗೆ ಆರಿಸಬೇಕು, ನಮ್ಮ ಕಣ್ಣಿಂದ ದೂರ ಇಡೋಕೆ ಅಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ, ಶೇ. 40ಕ್ಕಿಂತ ಕಡಿಮೆಯಿಲ್ಲದ ವೈಕಲ್ಯವಿರುವ ಮಕ್ಕಳಿಗೆ 6ರಿಂದ 18 ವರ್ಷದ ತನಕ ಹತ್ತಿರದ ಶಾಲೆಯಲ್ಲಾಗಲಿ, ತಾವು ಆರಿಸಿದ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣದ ಹಕ್ಕಿದೆ. ಹಾಜರಿ ಪುಸ್ತಕದಲ್ಲಿ ಹೆಸರು ಬರೆದು ಮೂಲೆಯಲ್ಲಿ ಕೂಡಿಸಿದ್ರೆ ಮಾತ್ರ, ಅದು ಇನ್ನೊಂದು ಲೋದೆಬಾರ್. ಇನ್ನು ಉಳಿದ ಮಕ್ಕಳು? ಗೆಳೆಯನಿಗಾಗಿ ಒಂದು ನಿಮಿಷ ಕಾಯೋದೂ ಪಾಠವೇ.

ನಮ್ಮ ಮಸ್ಕಿ ಗುಡ್ಡದ ಅಶೋಕನ ಶಾಸನದಲ್ಲೂ, ಧರ್ಮದ ಫಲ ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಉಂಟು ಎಂಬ ಅರ್ಥದ ಮಾತಿದೆ. ಕಲ್ಲಿನ ಮೇಲೆ ಬರೆದದ್ದು ನಮ್ಮ ಹೃದಯದ ಮೇಲೆ ಯಾವಾಗ ಬರೆಯಲ್ಪಡುವುದು?

ಪ್ರಿಯರೇ, ನಮ್ಮ ದೇವರು ಇಂದಿಗೂ ಸ್ವಸ್ಥಮಾಡುವ ದೇವರು. ನಾನು ಈಗಲೂ ಮಕ್ಕಳ ಮೇಲೆ ಕೈಯಿಟ್ಟು ಪ್ರಾರ್ಥಿಸ್ತೀನಿ. ಆದರೆ ಪ್ರಾರ್ಥನೆ ಮುಗಿದ ಮೇಲೆ ಹೆಸರು ಹಚ್ಚಲು ಸಾಲಿಗೂ ಜೊತೆಗೆ ಹೋಗ್ತೀನಿ. ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಬಾಗಿಲಲ್ಲೇ ಕೂತ ಮಗು ಇದ್ದರೆ ಆರಾಧನೆ ಆದಮೇಲೆ ನನಗೆ ಹೇಳಿರಿ. ಈ ಆಲಯದ ಬಾಗಿಲಿಗೂ ಮೂರು ಮೆಟ್ಟಿಲಿವೆ. ಅವುಗಳ ಪಕ್ಕ ಇಳಿಜಾರು ಕಟ್ಟುವ ಕೆಲಸದಿಂದಲೇ ಶುರು ಮಾಡೋಣ. ಆಮೆನ್.