ಕೆಡವುವ ಮೊದಲು ಕಲಶ

ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ 15 ಮೀಟರ್ ಮುಟ್ಟಿದ ಕಟ್ಟಡವೆಲ್ಲ ಬಹುಮಹಡಿ. ಅದೇ ಅಳತೆ ಹಿಡಿದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಎತ್ತರಕ್ಕೆ ಬರವಿಲ್ಲ. ವಯಸ್ಸಾದ ತೆಂಗಿನ ಮರಗಳು ಆ ಗೆರೆಯನ್ನು ಎಂದೋ ದಾಟಿವೆ. ಗಿಡ್ಡವಾಗಿ ಉಳಿದಿದ್ದು ಅವುಗಳ ನಡುವಿನ ಊರುಗಳು. ಈಗ ಅವೂ ಮೇಲಕ್ಕೆ ಏಳುತ್ತಿವೆ. ಹೆಂಚಿನ ಮಳಿಗೆ ಮಾಯವಾದಲ್ಲಿ ಗಾಜು ಹೊದ್ದ ಕಾಂಪ್ಲೆಕ್ಸ್ ನಿಲ್ಲುತ್ತದೆ. ತಿಪಟೂರು ತಾಲ್ಲೂಕಿನ ದಾಸರಿಘಟ್ಟದ ಚೌಡೇಶ್ವರಿ, ಹರವಿದ ಧಾನ್ಯದ ಮೇಲೆ ಕಲಶದ ತುದಿಯಿಂದ ಬರೆದು ಉತ್ತರ ಕೊಡುತ್ತಾಳೆಂಬ ನಂಬಿಕೆಯಿಂದ ಬರುವವರಲ್ಲಿ ಮನೆ, ನಿವೇಶನದ ಚಿಂತೆ ಹೊತ್ತವರೂ ಇರುತ್ತಾರೆ. ಕಟ್ಟಬಹುದೇ ಬೇಡವೇ ಎಂದು ದೇವಿಯನ್ನು ಕೇಳುವ ಜನ, ಎಷ್ಟು ಮಹಡಿ ಎಂಬುದನ್ನು ಮಾತ್ರ ಎಂಜಿನಿಯರಿಗೆ ಬಿಡುತ್ತಾರೆ.

ಊರ ನಡುವಿನ ಹಳೆಯ ಮಾರುಕಟ್ಟೆಯನ್ನೋ ಮಳಿಗೆಗಳ ಸಾಲನ್ನೋ ಏನು ಮಾಡಬೇಕೆಂಬ ಮಾತು ಎದ್ದಾಗ ಸಾಮಾನ್ಯವಾಗಿ ಮೂರು ಯೋಜನೆಗಳು ಮೇಜಿನ ಮೇಲೆ ಬರುತ್ತವೆ. ರಿಪೇರಿ ಮಾಡಿ ಉಳಿಸಿ ಎನ್ನುವುದು ಒಂದು. ಕೆಡವಿ ಅದೇ ಚಂದಕ್ಕೆ ಕಟ್ಟಿ ಎನ್ನುವುದು ಇನ್ನೊಂದು. ಕೆಡವಿ ಎತ್ತರಕ್ಕೆ ಏರಿಸಿ, ಕೆಳಗೆ ಪಾರ್ಕಿಂಗ್ ಮಾಡಿ ಎನ್ನುವುದು ಮತ್ತೊಂದು. ಪತ್ರಿಕೆಗಳು ಇದನ್ನು ಪರಂಪರೆಗೂ ಅಭಿವೃದ್ಧಿಗೂ ನಡೆದ ಜಗಳ ಎಂದು ಬರೆಯುತ್ತವೆ. ಅಲ್ಲಿ ಕೂತು ವ್ಯಾಪಾರ ಮಾಡುವವರ ಮಾತೇ ಬೇರೆ: “ಕಟ್ಟೋ ತನಕ ನಾವೆಲ್ಲಿ ಕೂರೋದು? ಕಟ್ಟಿದ ಮೇಲೆ ನಮ್ಮ ಮಳಿಗೆ ನಮಗೇ ಕೊಡ್ತೀರಾ?” ಇದು ಹೊಟ್ಟೆಪಾಡಿನ ಮಾತು, ಇದರಲ್ಲೇನು ತತ್ತ್ವ ಎಂದು ಪಕ್ಕಕ್ಕೆ ಸರಿಸುವುದು ವಾಡಿಕೆ. ಆದರೆ ಒಂದು ವಸ್ತುವನ್ನು ಬುಡಸಮೇತ ಬಿಚ್ಚಿ ಮತ್ತೆ ಕಟ್ಟಿದಾಗ ಅದು ಅದೇ ವಸ್ತು ಎನ್ನಿಸಿಕೊಳ್ಳಬೇಕಾದರೆ ಹಳೆಯದರಿಂದ ಹೊಸದಕ್ಕೆ ಏನು ದಾಟಿ ಬರಬೇಕು? ಧರ್ಮಶಾಸ್ತ್ರವೂ ತತ್ತ್ವಶಾಸ್ತ್ರವೂ ಬಹುಕಾಲದಿಂದ ತಲೆ ಕೆಡಿಸಿಕೊಂಡ ಸಂಗತಿಯಿದು. ಅದಕ್ಕೆ ಈ ನೆಲದ ದೇವಾಲಯ ಪರಂಪರೆ ಕಂಡುಕೊಂಡ ಉತ್ತರ ಪಂಡಿತರ ವಾದಕ್ಕಿಂತ ಮಳಿಗೆಯವರ ಅಳಲಿಗೇ ಹತ್ತಿರವಾಗಿದೆ.

ಈ ಜಗಳವನ್ನು ಕರ್ನಾಟಕದಲ್ಲಿ ಬಹಳ ಕಾಲ ಎಳೆದದ್ದು ಮೈಸೂರಿನ ದೇವರಾಜ ಮಾರುಕಟ್ಟೆ. ಪೂರ್ಣಯ್ಯ ನಾಲೆಯ ಜಾಡಿನಲ್ಲಿ, ವಾರದ ಸಂತೆ ಕೂರುತ್ತಿದ್ದ ಜಾಗದಲ್ಲಿ, ಹತ್ತನೇ ಚಾಮರಾಜ ಒಡೆಯರ ಕಾಲದಲ್ಲಿ ಎದ್ದ ಮಾರುಕಟ್ಟೆಯದು. ಮಲ್ಲಿಗೆ, ವೀಳ್ಯದೆಲೆ, ಕುಂಕುಮದ ಗುಡ್ಡೆ, ನಂಜನಗೂಡು ರಸಬಾಳೆ ಎಲ್ಲಕ್ಕೂ ಸಯ್ಯಾಜಿರಾವ್ ರಸ್ತೆಯ ಆ ಉದ್ದನೆಯ ಸಾಲೇ ಮನೆ. 2016ರ ಆಗಸ್ಟ್ 28ರಂದು, ನವೀಕರಣದ ಕೆಲಸ ನಡೆಯುತ್ತಿದ್ದಾಗಲೇ, ಉತ್ತರದ ಹೆಬ್ಬಾಗಿಲ ಭಾಗ ಕುಸಿಯಿತು. ಅದಕ್ಕೆ ನಾಲ್ಕು ವರ್ಷ ಮುಂಚೆ, ವೈಸರಾಯ್ ಭೇಟಿಯ ನೆನಪಿಗೆಂದು 1892ರಲ್ಲಿ ಕಟ್ಟಿದ್ದ ಹತ್ತಿರದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಬಿದ್ದು ನಾಲ್ವರು ಸತ್ತಿದ್ದರು.

ಪಾಲಿಕೆ, ಎರಡನ್ನೂ ಕೆಡವಿ ಹಳೆಯ ರೂಪದಲ್ಲೇ ಕಟ್ಟುತ್ತೇವೆ ಎಂದಿತು. ಪಾರಂಪರಿಕ ತಜ್ಞರು, ಗಾರೆ ಕಟ್ಟಡವನ್ನು ಗಾರೆಯಿಂದಲೇ ಉಳಿಸಬಹುದು ಎಂದರು. ರಾಜಮನೆತನ ಕೆಡವುವುದನ್ನು ವಿರೋಧಿಸಿತು. ಪ್ರಕರಣ ಹೈಕೋರ್ಟಿಗೆ ಹೋಯಿತು, ಸಮಿತಿಗಳ ಮೇಲೆ ಸಮಿತಿ ಬಂದವು. ಅವುಗಳ ವರದಿಗಳ ವಾದವೆಲ್ಲ ಗೋಡೆ ಎಷ್ಟು ಗಟ್ಟಿ, ಕಮಾನು ಎಷ್ಟು ಹಳೆಯದು ಎಂಬುದರ ಸುತ್ತಲೇ. ಇತ್ತ ಬಾಡಿಗೆದಾರರು ಲ್ಯಾನ್ಸ್‌ಡೌನ್ ಕಟ್ಟಡದ ಕಡೆ ನೋಡುತ್ತಿದ್ದರು. ಅಲ್ಲಿಯ ಹಳೆ ಪುಸ್ತಕದ ಅಂಗಡಿಗಳನ್ನು 2012ರಲ್ಲಿ ಖಾಲಿ ಮಾಡಿಸಿದ ಮೇಲೆ ಕಟ್ಟಡ ವರ್ಷಗಟ್ಟಲೆ ರಿಪೇರಿಯೂ ಮುಗಿಯದೆ, ಬೀಳಲೂ ಬೀಳದೆ ನಿಂತಿತು. ಹಾಗೆ ಎದ್ದು ಹೋದವನು ಮತ್ತೆ ಬಂದು ಕೂರುವನೆಂಬ ಖಾತರಿ ಏನು? ದೇವರಾಜ ಮಾರುಕಟ್ಟೆಯ ವ್ಯಾಪಾರಿಗಳು ಉಳಿಸುವ ಪಕ್ಷದ ಕಡೆ ವಾಲಿದ್ದರೆ ಅದರ ಹಿಂದೆ ವಾಸ್ತುಶಿಲ್ಪದ ಮೇಲಿನ ಪ್ರೀತಿಗಿಂತ ಈ ಅನುಮಾನವೇ ದೊಡ್ಡದಿದ್ದೀತು. ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ.

ದೇವಸ್ಥಾನ ಶಿಥಿಲವಾದರೆ ಏನು ಮಾಡಬೇಕೆಂಬುದನ್ನು ಆಗಮಗಳು, ಶಿಲ್ಪಗ್ರಂಥಗಳು ಜೀರ್ಣೋದ್ಧಾರ ಎಂಬ ಹೆಸರಿನಲ್ಲಿ ವಿವರವಾಗಿಯೇ ಹೇಳುತ್ತವೆ. ‘ಮಯಮತ’ದಲ್ಲಿ ಅದಕ್ಕೊಂದು ಪ್ರತ್ಯೇಕ ಅಧ್ಯಾಯವಿದೆ. ಅಲ್ಲಿ ಹಳೆಯದೆಲ್ಲ ಪವಿತ್ರ, ಮುಟ್ಟಬೇಡಿ ಎಂಬ ಭಾವುಕತೆ ಇಲ್ಲ. ಗೋಡೆ ಬಿರಿದರೆ ಬಿಚ್ಚಬಹುದು, ಬೇರೆ ಕಲ್ಲು ಇಡಬಹುದು. ಆದರೆ ಮೊದಲಿದ್ದ ದ್ರವ್ಯಕ್ಕಿಂತ ಕೀಳಾದುದನ್ನು ಬಳಸುವಂತಿಲ್ಲ. ಅದಕ್ಕಿಂತ ಮುಖ್ಯವಾದ ನಿಯಮವೊಂದಿದೆ. ಹಾರೆ ಹಾಕುವ ಮೊದಲು ಮೂರ್ತಿಯಲ್ಲಿರುವ ಕಳೆಯನ್ನು ನೀರು ತುಂಬಿದ ಕಲಶಕ್ಕೆ ಆವಾಹಿಸಿಕೊಳ್ಳಬೇಕು. ಪಕ್ಕದಲ್ಲಿ ಬಾಲಾಲಯವೊಂದನ್ನು ಕಟ್ಟಿ ಅಲ್ಲಿ ಪೂಜೆ ಮುಂದುವರಿಸಬೇಕು. ದೊಡ್ಡ ಕಟ್ಟಡ ಮುಗಿಯುವ ತನಕ ಒಂದು ಹೊತ್ತಿನ ನೈವೇದ್ಯವೂ ತಪ್ಪುವಂತಿಲ್ಲ. ಬಾಲಾಲಯದಲ್ಲಿ ದೇವರನ್ನು ಎಷ್ಟು ಕಾಲ ಕೂರಿಸಬಹುದೆಂಬುದಕ್ಕೂ ಮಿತಿಯುಂಟು. ಕಟ್ಟುವವನ ಸೋಮಾರಿತನವನ್ನು ಶಾಸ್ತ್ರಕಾರರು ಚೆನ್ನಾಗಿ ಬಲ್ಲವರಾಗಿದ್ದರು ಎನ್ನಿಸುತ್ತದೆ.

ಅಂದರೆ ಗುಡಿ ಅದೇ ಗುಡಿಯಾಗಿ ಉಳಿಯುವುದು ಕಲ್ಲಿನಿಂದಲ್ಲ, ಮುರಿಯದ ಪೂಜೆಯಿಂದ.

ತತ್ತ್ವಶಾಸ್ತ್ರದ ಪಾಠಗಳಲ್ಲಿ ಈ ಮಾತು ಬಂದಾಗ ಬೌದ್ಧರ ರಥವನ್ನು ನೆನೆಯುತ್ತಾರೆ. ಚಕ್ರ ರಥವಲ್ಲ, ಅಚ್ಚು ರಥವಲ್ಲ, ನೊಗವೂ ಅಲ್ಲ, ಹಾಗಾದರೆ ರಥವೆಲ್ಲಿ ಎಂದು ಭಿಕ್ಷು ನಾಗಸೇನ ದೊರೆ ಮಿಲಿಂದನನ್ನು ಕೇಳಿದ ಪ್ರಸಂಗ. ವಾದ ಸೊಗಸಾಗಿದೆ; ಆದರೆ ರಥ ಬಿಚ್ಚಿದ್ದಾಗ ಅದರಲ್ಲಿ ಕೂತವರು ಎಲ್ಲಿಗೆ ಹೋದರು ಎಂಬ ವಿಚಾರ ಅಲ್ಲಿ ಬರುವುದೇ ಇಲ್ಲ. ಅದನ್ನು ಮರೆಯದವರು ಆಚರಣೆಯ ಜನ. ಪುರಿಯ ಜಗನ್ನಾಥನ ಮರದ ಮೂರ್ತಿಗಳನ್ನು ನವಕಲೇವರದಲ್ಲಿ ಬದಲಿಸುತ್ತಾರೆ; ಹಿಂದಿನ ಶತಮಾನದ ಕೊನೆಯದು 1996ರಲ್ಲಿ, ಅದರ ನಂತರದ್ದು 2015ರಲ್ಲಿ ನಡೆಯಿತು. ಹಳೆಯ ಮೂರ್ತಿಯ ಒಳಗಿನ ಬ್ರಹ್ಮಪದಾರ್ಥವನ್ನು ದೈತಾಪತಿಗಳೆಂಬ ಸೇವಕರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕತ್ತಲಲ್ಲಿ ಹೊಸದಕ್ಕೆ ದಾಟಿಸುತ್ತಾರೆ, ಹಳೆಯದನ್ನು ಹೂಳುತ್ತಾರೆ. ಜಪಾನಿನ ಇಸೆ ದೇವಾಲಯವನ್ನು 20 ವರ್ಷಕ್ಕೊಮ್ಮೆ ಹೊಸ ಮರದಲ್ಲಿ ಕಟ್ಟುತ್ತಾರೆ. 2013ರದು 62ನೆಯ ಸಲ. ಹಳೆಯ ಗುಡಿಯ ಪಕ್ಕದಲ್ಲಿ ಅಷ್ಟೇ ದೊಡ್ಡ ನಿವೇಶನವೊಂದನ್ನು ಸದಾ ಖಾಲಿ ಬಿಟ್ಟಿರುತ್ತಾರೆ. ಹೊಸದು ಎದ್ದು ದೇವರು ಅಲ್ಲಿಗೆ ನಡೆದ ಮೇಲೆಯೇ ಹಳೆಯದನ್ನು ಬಿಚ್ಚುವುದು.

ಇದೇ ಕ್ರಮವನ್ನು ಯಾವ ಆಗಮವನ್ನೂ ಓದದೆ ಪಾಲಿಸುವವನು ಕಲ್ಪತರು ನಾಡೆನಿಸಿದ ತಿಪಟೂರು ಸೀಮೆಯ ತೋಟಗಾರ. ಇಲ್ಲಿಯ ಎತ್ತರದ ತಳಿ ‘ತಿಪಟೂರು ಟಾಲ್’ ಫಸಲಿಗೆ ಬರಲು ಆರೇಳು ವರ್ಷ ಬೇಕು. ಬಂದ ಮೇಲೆ ಮೂರು ತಲೆಮಾರು ನೋಡುತ್ತದೆ. ಮರಕ್ಕೆ ವಯಸ್ಸಾಗಿ ಹರಳು ಉದುರತೊಡಗಿದರೂ, ಕಾಂಡದಲ್ಲಿ ರಸ ಸೋರುವ ರೋಗ ಹತ್ತಿದರೂ ಯಾರೂ ತೋಟವನ್ನು ಒಂದೇ ಸಲಕ್ಕೆ ಬೋಳಿಸುವುದಿಲ್ಲ. ಹಳೆಯ ಮರಗಳ ನಡುವೆ ಸಸಿ ಇಡುತ್ತಾರೆ. ಸಸಿ ಹೊಂಬಾಳೆ ಬಿಡುವ ಹೊತ್ತಿಗೆ ಹಳೆಯದನ್ನು ಒಂದೊಂದಾಗಿ ಕಡಿಯುತ್ತಾರೆ. ಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಕಾದು ಉಂಡೆ ಕೊಬ್ಬರಿ ಮಾಡುವ ಮನೆಗೆ ನಡುವೆ ಬೀಳುವ ಖಾಲಿ ಜಾಗದ ಅರ್ಥ ಗೊತ್ತು. ಕ್ವಿಂಟಲ್ ಉಂಡೆ ಕೊಬ್ಬರಿಗೆ 2024ರ ಹಂಗಾಮಿನಲ್ಲಿ ಕೇಂದ್ರ 12,000 ರೂಪಾಯಿ ಬೆಂಬಲ ಬೆಲೆ ಘೋಷಿಸಿತ್ತು. ಏಳು ವರ್ಷ ಕಾಯೇ ಇಲ್ಲದ ತೋಟಕ್ಕೆ ಯಾವ ಬೆಂಬಲ ಬೆಲೆಯೂ ಇಲ್ಲ. ತುಮಕೂರು–ಶಿವಮೊಗ್ಗ ಹೆದ್ದಾರಿಯನ್ನು ನಾಲ್ಕು ಪಥ ಮಾಡಲು ಜಮೀನು ಹಿಡಿದಾಗ ಎದ್ದ ಬೇಸರದಲ್ಲೂ ಇದೇ ಇತ್ತು. ಮರಕ್ಕೆ ಇಷ್ಟು ಎಂದು ಪರಿಹಾರ ಕಟ್ಟಬಹುದು. ಪರಿಹಾರದ ಚೆಕ್ಕು ಬಾಲಾಲಯವಾಗುವುದಿಲ್ಲ.

ಬಹುಮಹಡಿ ಪುನರ್ನಿರ್ಮಾಣದ ದೊಡ್ಡ ಪ್ರಯೋಗಶಾಲೆ ಮುಂಬೈ. ಧಾರಾವಿಗೆ ಪೈಪೋಟಿಯ ಪ್ರಸ್ತಾವಗಳು ಬಂದವು: ಹಿಂದಿನ ಟೆಂಡರೊಂದರಲ್ಲಿ ಸೆಕ್‌ಲಿಂಕ್ ಎಂಬ ಕಂಪನಿಯದು 7,200 ಕೋಟಿ ರೂಪಾಯಿಯ ಅತಿ ದೊಡ್ಡ ಬಿಡ್, ಅದು ರದ್ದಾಗಿ, 2022ರ ಹೊಸ ಟೆಂಡರಿನಲ್ಲಿ 5,069 ಕೋಟಿಗೆ ಅದಾನಿ ಸಮೂಹಕ್ಕೆ ಹೋಯಿತು. ಹೊರಗಿನವರು ಈ ಅಂಕಿಗಳ ಬಗ್ಗೆ ಮಾತಾಡಿದರು. ಒಳಗಿನವರು ಮಾತಾಡಿದ್ದು ಇನ್ನೊಂದು ತಾರೀಖಿನ ಬಗ್ಗೆ: 2000ದ ಜನವರಿ 1. ಅದಕ್ಕೆ ಮುಂಚಿನಿಂದ ನೆಲಮಹಡಿಯಲ್ಲಿ ಇದ್ದವರಿಗೆ ಧಾರಾವಿಯಲ್ಲೇ ಉಚಿತ ಮನೆ; ನಂತರ ಬಂದವರಿಗೆ, ಮೇಲಿನ ಅಟ್ಟದಲ್ಲಿ ಇದ್ದವರಿಗೆ ಬೇರೆ ಕಡೆ, ಬೇರೆ ಷರತ್ತು. ಮನೆ ಮನೆಗೂ ನಂಬರ್ ಹಾಕುವ ಸರ್ವೆಯವರು ಬಂದಾಗ ಕೆಲವು ಗಲ್ಲಿಗಳಲ್ಲಿ ವಿರೋಧ ಎದ್ದದ್ದು ಯಾಕೆಂದರೆ ಆ ಸರ್ವೆಯೇ ಅವರ ಪಾಲಿನ ಕಲಶ. ಅದರೊಳಗೆ ಹೆಸರು ಬಿದ್ದವನು ದಾಟುತ್ತಾನೆ, ಬೀಳದವನು ಕಲ್ಲುಮಣ್ಣಿನ ಜೊತೆ ಹೋಗುತ್ತಾನೆ.

ಅದೇ ಮುಂಬೈನ ಭೇಂಡಿ ಬಜಾರಿನಲ್ಲಿ ಬೇರೆ ದಾರಿ ಹಿಡಿದರು. ದಾವೂದಿ ಬೋಹ್ರಾ ಸಮುದಾಯದ ಧರ್ಮಗುರು ಸೈಯದ್‌ನಾ ಮೊಹಮ್ಮದ್ ಬುರ್ಹಾನುದ್ದೀನ್ ಅವರ ಆಶಯದಂತೆ 2009ರಲ್ಲಿ ಟ್ರಸ್ಟ್ ಒಂದು ಹುಟ್ಟಿ, ಹದಿನಾರೂವರೆ ಎಕರೆಯಲ್ಲಿದ್ದ ಸುಮಾರು 250 ಶಿಥಿಲ ಕಟ್ಟಡಗಳ ಜಾಗದಲ್ಲಿ ಗೋಪುರಗಳನ್ನು ಎಬ್ಬಿಸಲು ಹೊರಟಿತು. ಮೊದಲು ತಾತ್ಕಾಲಿಕ ಮನೆ, ಅಂಗಡಿ, ಆಮೇಲೆ ಕೆಡವುವುದು. ಒಪ್ಪದವರು ಅಲ್ಲಿಯೂ ಇದ್ದರು. ಗುರುವಿನ ಮಾತಿಗೆ ತಲೆಬಾಗುವ ಸಮುದಾಯದಲ್ಲಿ ‘ಒಲ್ಲೆ’ ಎನ್ನುವುದು ಎಷ್ಟು ಸುಲಭ ಎಂಬುದನ್ನೂ ಯೋಚಿಸಬೇಕು. ಆದರೂ ದಾಟಿಸುವ ಹೊಣೆಯನ್ನು ಕಟ್ಟುವವನೇ ಮೊದಲಿಗೆ ಹೊತ್ತದ್ದು ಸಣ್ಣ ಮಾತಲ್ಲ. ನಗರದ ಸರ್ಕಾರಿ ಟ್ರಾನ್ಸಿಟ್ ಕ್ಯಾಂಪುಗಳಲ್ಲಿ ದಶಕಗಟ್ಟಲೆ ಕೊಳೆತವರನ್ನು ಕಂಡಿರುವ ಮುಂಬೈ ಜನಕ್ಕೆ ಇದು ಚೆನ್ನಾಗಿ ಗೊತ್ತು.

ಶರಣರ ನಾಡಿನಲ್ಲಿ ಇಂಥ ಚರ್ಚೆ ಬಂದಾಗ ಸ್ಥಾವರ–ಜಂಗಮದ ಮಾತು ಬಾರದೇ ಇರದು. ಸ್ಥಾವರ ಹೇಗೂ ಅಳಿಯುವುದು, ಹೋಗಲಿ ಬಿಡಿ, ಹೊಸದು ಬರಲಿ ಎಂದು ಕೆಡವುವ ಪಕ್ಷದವರು ಹನ್ನೆರಡನೇ ಶತಮಾನವನ್ನು ತಮ್ಮ ಕಡೆಗೆ ಎಳೆದುಕೊಳ್ಳಬಹುದು. ಅದು ಅರ್ಧ ಓದು. ಕಲ್ಲಿನ ಗುಡಿಯನ್ನು ಅಲ್ಲಗಳೆದ ಶರಣರು ಅದರ ಜಾಗದಲ್ಲಿ ಇಟ್ಟದ್ದು ನಡೆದಾಡುವ ಮನುಷ್ಯನನ್ನು, ಅವನ ಕಾಯಕವನ್ನು, ಅವನ ದಾಸೋಹವನ್ನು. ಹಳೆಯ ಮಾರುಕಟ್ಟೆಯನ್ನು ಉರುಳಿಸಿ ಐದು ಮಹಡಿಯ ಮಾಲ್ ಎಬ್ಬಿಸಿದರೆ ಒಂದು ಸ್ಥಾವರದ ಮೇಲೆ ಇನ್ನೂ ದೊಡ್ಡ ಸ್ಥಾವರ ಕೂತಂತಾಯಿತು, ಅಷ್ಟೆ. ಅಲ್ಲಿಯ ಜಂಗಮ ಬೆಳಗಿನ ನಾಲ್ಕು ಗಂಟೆಗೆ ಹೂವಿನ ಮೂಟೆ ಇಳಿಸುವವನು. ಅವನು ಲಿಫ್ಟಿನಲ್ಲಿ ಮೂರನೇ ಮಹಡಿಗೆ ಹೋಗಿ ಕೂತರೆ ಹೂವು ಕೊಳ್ಳುವವರು ಮೇಲೆ ಬರುತ್ತಾರೆಯೇ? ಬೀದಿಮಟ್ಟ ಬಿಟ್ಟ ಸಂತೆ ಸಂತೆಯಾಗಿ ಬದುಕುವುದು ಕಷ್ಟ. ದೇವರಾಜ ಮಾರುಕಟ್ಟೆಗೆ ಒಪ್ಪುವುದು ತೋಟಗಾರನ ಕ್ರಮವೇ ಎಂದು ಅದಕ್ಕೇ ಅನ್ನಿಸುತ್ತದೆ: ರಿಪೇರಿಯಾದರೂ ಸರಿ, ಮರುಕಟ್ಟುವುದಾದರೂ ಸರಿ, ಒಂದು ಸಾಲು ಬಿಚ್ಚಿದ್ದಾಗ ಉಳಿದ ಸಾಲುಗಳಲ್ಲಿ ತಕ್ಕಡಿ ಆಡುತ್ತಿರಬೇಕು.

ಆದರೆ ಎಲ್ಲ ಕಟ್ಟಡಕ್ಕೂ ಈ ತರ್ಕ ಸಲ್ಲದು. ತಿಪಟೂರು ತಾಲ್ಲೂಕಿನ ಅರಳಗುಪ್ಪೆಗೆ ಹೋದರೆ ಅದು ಕಲ್ಲಿಗೇ ಬಂದು ನಿಲ್ಲುತ್ತದೆ. ಅಲ್ಲಿಯ ಕಲ್ಲೇಶ್ವರ ದೇವಾಲಯ ಒಂಬತ್ತನೇ ಶತಮಾನದ್ದು. ಅದರ ಒಳಚಾವಣಿಯಲ್ಲಿ ಅಷ್ಟದಿಕ್ಪಾಲಕರ ನಡುವೆ ಶಿವ ಕುಣಿಯುತ್ತಿದ್ದಾನೆ. ಆ ಕುಣಿತವನ್ನು ಯಾವ ಕಲಶಕ್ಕೆ ಆವಾಹಿಸುವುದು? ಪೂಜೆ ಮುರಿಯದಿದ್ದರೆ ಸಾಕು, ಕಲ್ಲು ಬದಲಾದರೂ ಆದೀತು ಎಂದರೆ ಆ ಉಳಿಯ ಗುರುತು ಹೋದಂತೆಯೇ. ತುರುವೇಕೆರೆ ತಾಲ್ಲೂಕಿನ ನಾಗಲಾಪುರದ ಹೊಯ್ಸಳ ಗುಡಿಗಳಿಗೂ ಇದೇ ಮಾತು. ಜೀರ್ಣೋದ್ಧಾರದ ಹೆಸರಿನಲ್ಲಿ ಹಳೆಯ ಕಲ್ಲಿಗೆ ಎನಾಮಲ್ ಬಣ್ಣ ಬಳಿದು, ಟೈಲ್ಸ್ ಹಾಸಿ, ಮುಂದೆ ಕಾಂಕ್ರೀಟ್ ಮಂಟಪ ನಿಲ್ಲಿಸುವ ನಮ್ಮ ಹಳ್ಳಿಗಳ ಉತ್ಸಾಹಕ್ಕೆ ಆಗಮದ ಅರ್ಧ ಸಾಲು ಮಾತ್ರ ನೆನಪಿದೆ; ಕೀಳು ದ್ರವ್ಯ ಬಳಸಬಾರದೆಂಬ ಇನ್ನರ್ಧ ಮರೆತಿದೆ.

ಅರಳಗುಪ್ಪೆಯಂಥ ಕಡೆ ಕಲ್ಲನ್ನು ಕಾಯುವುದು 1958ರ ಸ್ಮಾರಕ ಕಾಯ್ದೆ. 2010ರ ತಿದ್ದುಪಡಿಯ ನಂತರ ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡವೇ ಇಲ್ಲ. ಅದರಾಚೆಯ 200 ಮೀಟರಿನಲ್ಲಿ ಏನು ಕಟ್ಟುವುದಿದ್ದರೂ ಅನುಮತಿ ಬೇಕು. ಕಾಯ್ದೆ ಬೇಕಾದದ್ದೇ, ಅದಿಲ್ಲದಿದ್ದರೆ ಎಷ್ಟೋ ಗುಡಿಗಳು ಕಾಂಪೌಂಡಿನ ಕಲ್ಲಾಗಿರುತ್ತಿದ್ದವು. ಅದರ ಭಾರ ಬೀಳುವುದು ಮಾತ್ರ ಗುಡಿಯ ಸುತ್ತ ತಲೆಮಾರುಗಳಿಂದ ಬದುಕಿದ, ಈಗಲೂ ಅಲ್ಲೇ ದೀಪ ಹಚ್ಚುವ ಮನೆಗಳ ಮೇಲೆ. ಚಾವಣಿ ಸೋರಿದರೆ ರಿಪೇರಿಗೂ ಅರ್ಜಿ. ಮಗನ ಮದುವೆಯಾಯಿತು, ಮೇಲೊಂದು ಕೋಣೆ ಹಾಕೋಣವೆಂದರೆ ಇಲ್ಲ. ಮೈಸೂರಿನ ವ್ಯಾಪಾರಿಗೆ ಕಟ್ಟಡ ಹೋದರೆ ತಾನೆಲ್ಲಿ ಕೂರುವುದೆಂಬ ಭಯ. ಈ ಮನೆಯವರಿಗೆ ಕಟ್ಟಡ ಉಳಿದದ್ದರಿಂದಲೇ ಮಗ ಸೊಸೆ ಊರು ಬಿಡುವ ಚಿಂತೆ. ದೇಶಕ್ಕೆಲ್ಲ ಸೇರಿದ ಒಂದು ಒಳಚಾವಣಿಯ ಬೆಲೆಯನ್ನು ಹತ್ತಿಪ್ಪತ್ತು ಮನೆಗಳೇ ಯಾಕೆ ತೆರಬೇಕು ಎಂದು ಅವರು ಕೇಳಿದರೆ, ಮಯಮತದಲ್ಲೂ ಕಾಯ್ದೆಯಲ್ಲೂ ತಡಕಾಡಬೇಕಾದ ಸರದಿ ಉಳಿಸುವ ಪಕ್ಷದವರದು.